ಊಟದ ನಂತರವಲ್ಲ, ಊಟದ ಜೊತೆಗೆ: ಆರೋಗ್ಯ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮೇದೋಜೀರಕ ಗ್ರಂಥಿಯ ಕಿಣ್ವಗಳ ಕೊರತೆಯಿರುವ ರೋಗಿಗಳಿಗೆ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲುಗಳನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಸೂಚನೆಯೊಂದಿಗೆ ಕೊಡುವ ಕುರಿತು.

ಮಾನ್ಯರೇ,

ವಿಜಯಪುರ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಔಷಧ ಕಿಟಕಿಯ ಒಳಬದಿಯಲ್ಲಿ ಇಪ್ಪತ್ತೆಂಟು ವರ್ಷ ನಿಂತು, ಎರಡು ವರ್ಷದ ಹಿಂದೆ ನಿವೃತ್ತನಾದ ಫಾರ್ಮಸಿಸ್ಟ್ ನಾನು. ವೈದ್ಯರು ಬರೆದ ಚೀಟಿಯನ್ನು ಓದುವುದು, ಗುಳಿಗೆಗಳನ್ನು ಎಣಿಸಿ ಕಾಗದದ ಪಾಕೀಟಿಗೆ ಹಾಕುವುದು, ಪಾಕೀಟಿನ ಮೇಲೆ ಮುಂಜಾನೆ, ಮಧ್ಯಾಹ್ನ, ರಾತ್ರಿಯ ಗುರುತು ಮಾಡಿ ರೋಗಿಯ ಕೈಗೆ ಕೊಡುವುದು, ಇಷ್ಟು ನನ್ನ ಕೆಲಸವಾಗಿತ್ತು. ಆ ಕೆಲಸವನ್ನು ತಪ್ಪಿಲ್ಲದೆ ಮಾಡಿದ್ದೇನೆಂಬ ಸಮಾಧಾನದಿಂದ ಮನೆಗೆ ಬಂದವನಿಗೆ ಒಂದು ಔಷಧದ ವಿಷಯದಲ್ಲಿ ಮಾತ್ರ ಆ ಸಮಾಧಾನ ಉಳಿದಿಲ್ಲ. ಆ ಔಷಧದ ಹೆಸರು ಪ್ಯಾಂಕ್ರಿಯಾಟಿನ್, ಊಟ ಅರಗಿಸುವ ಮೇದೋಜೀರಕ ಗ್ರಂಥಿಯ ಕಿಣ್ವಗಳನ್ನು ಹೊರಗಿನಿಂದ ತುಂಬಿಕೊಡುವ ಔಷಧ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನನ್ನ ವೃತ್ತಿಬಾಂಧವರೂ ರೋಗಿಗಳೂ ಓದಲಿ ಎಂಬ ಉದ್ದೇಶದಿಂದ ತಮಗೆ ಬರೆಯುವ ಈ ಪತ್ರವನ್ನು ಬಹಿರಂಗವಾಗಿ ಇಡುತ್ತಿದ್ದೇನೆ. ಇದರಲ್ಲಿ ದೂರು ಇದ್ದರೆ ಅದರ ಮೊದಲ ಆರೋಪಿ ನಾನೇ.

ನಮ್ಮ ಕಿಟಕಿಗೆ ಗೌಂಡಿ ಕೆಲಸದವರೊಬ್ಬರು ಬರುತ್ತಿದ್ದರು. ವಯಸ್ಸು ನಲವತ್ತು ದಾಟಿರಲಿಲ್ಲ. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರ, ದಿನಕ್ಕೆ ನಾಲ್ಕೈದು ಸಲ ಸಂಡಾಸ, ತಿಂದದ್ದು ಮೈಗೆ ಹತ್ತದೆ ತಿಂಗಳಿಂದ ತಿಂಗಳಿಗೆ ಸಡಿಲವಾಗುತ್ತಿದ್ದ ಅಂಗಿ. ಮೊದಲ ವರ್ಷ ಅವರಿಗೆ ಆಮಶಂಕೆಯ ಗುಳಿಗೆ, ಜಂತುಹುಳದ ಗುಳಿಗೆ ಕೊಟ್ಟೆವು. ಊರಲ್ಲಿ ಯಾರೋ ಬಟ್ಟಿ ಸರಿದಿದೆ ಎಂದದ್ದಕ್ಕೆ ಹೊಟ್ಟೆ ತಿಕ್ಕಿಸಿಕೊಂಡು ಬಂದರು. ಕ್ಷಯ ಇರಬಹುದೆಂದು ಕಫ ಪರೀಕ್ಷೆಯಾಯಿತು, ಕ್ಷಯ ಇರಲಿಲ್ಲ. ಆಮೇಲೆ ಎರಡು ವರ್ಷ ಅವರ ಚೀಟಿಯಲ್ಲಿ ಜೀರ್ಣದ ಟಾನಿಕ್ ಒಂದು ಕಾಯಂ ಆಗಿ ಕುಳಿತುಬಿಟ್ಟಿತು. ಬಾಟಲಿ ಮುಗಿದಾಗಲೆಲ್ಲ ಅವರು ಬರುತ್ತಿದ್ದರು, ನಾನು ಇನ್ನೊಂದು ಕೊಡುತ್ತಿದ್ದೆ. ಮೂರನೆಯ ವರ್ಷ, ಹೊತ್ತು ಮುಳುಗುವ ವೇಳೆಗೆ ಸಾರವೆಯ ಮೇಲಿಂದ ಕಾಲು ತಪ್ಪಿ ಬಿದ್ದು ಮುಂಗೈ ಮುರಿದುಕೊಂಡು ಬಂದಾಗ, ಆಗಷ್ಟೇ ಸೇರಿದ್ದ ಯುವ ವೈದ್ಯೆ ಮುರಿದ ಕೈಯನ್ನು ನೋಡುತ್ತಲೇ, ‘ಕತ್ತಲಾದ ಮೇಲೆ ಕಣ್ಣು ಸರಿಯಾಗಿ ಕಾಣುತ್ತದೆಯೇ’ ಎಂದು ಕೇಳಿದರು. ಕಾಣುತ್ತಿರಲಿಲ್ಲ. ಅವರಿಗೆ ಇರುಳುಗಣ್ಣು ಬಂದಿತ್ತು. ಅದನ್ನು ಮನೆಯವರಿಗೂ ಹೇಳಿರಲಿಲ್ಲ.

ಇರುಳಲ್ಲಿ ಕಣ್ಣು ಕಾಣಲು ಬೇಕಾದ ಎ ಜೀವಸತ್ವ ಜಿಡ್ಡಿನ ಜೊತೆಗೆ ಮಾತ್ರ ರಕ್ತಕ್ಕೆ ಸೇರುತ್ತದೆ. ಎಲುಬಿಗೆ ಬೇಕಾದ ಡಿ, ರಕ್ತ ಹೆಪ್ಪುಗಟ್ಟಲು ಬೇಕಾದ ಕೆ, ಹಾಗೆಯೇ ಇ, ಇವೆಲ್ಲ ಅದೇ ಗುಂಪಿನವು. ಜಿಡ್ಡು ಅರಗದವನಿಗೆ ಇವು ಯಾವುವೂ ದಕ್ಕುವುದಿಲ್ಲ. ಆ ವೈದ್ಯೆ ಹೊಟ್ಟೆಯ ಒಂದು ಸಾದಾ ಎಕ್ಸ್‌ರೇ ತೆಗೆಸಿದರು. ಬೆನ್ನೆಲುಬಿಗೆ ಅಡ್ಡಲಾಗಿ, ಕಲ್ಲುಪ್ಪು ಚೆಲ್ಲಿದಂತೆ ಬಿಳಿಯ ಹರಳುಗಳು ಕಂಡವು. ಬಹುಕಾಲದ ಉರಿಯೂತದಿಂದ ಮೇದೋಜೀರಕ ಗ್ರಂಥಿ ಸುಣ್ಣಗಟ್ಟಿತ್ತು. ಮೂರು ವರ್ಷ ನಾವು ಹುಡುಕದೆ ಬಿಟ್ಟದ್ದು ನಮ್ಮದೇ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಐದು ನಿಮಿಷದಲ್ಲಿ ಸಿಕ್ಕಿತು.

ತಮಗೆ ತಿಳಿಯದ ವಿಷಯವಲ್ಲವಾದರೂ ಈ ಪತ್ರ ಓದುವ ಇತರರಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ ಎರಡು ಕೆಲಸ ಮಾಡುತ್ತದೆ. ಇನ್ಸುಲಿನ್ ಮುಂತಾದವನ್ನು ರಕ್ತಕ್ಕೆ ಬಿಡುವುದು ಒಂದು. ಅದನ್ನು ಈಗ ಹಳ್ಳಿಹಳ್ಳಿಯೂ ಬಲ್ಲದು. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಜೀರ್ಣರಸವನ್ನು ಸಣ್ಣ ಕರುಳಿಗೆ ಸುರಿಯುವುದು ಇನ್ನೊಂದು. ಇದರ ಸುದ್ದಿ ಯಾರಿಗೂ ಬೇಡ. ಆ ರಸದಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್, ಸಸಾರಜನಕವನ್ನು ಒಡೆಯುವ ಪ್ರೋಟಿಯೇಸ್, ಕೊಬ್ಬನ್ನು ಒಡೆಯುವ ಲೈಪೇಸ್ ಇರುತ್ತವೆ. ಮೊದಲೆರಡು ಕಡಿಮೆಯಾದರೆ ಬಾಯಿಯ ಜೊಲ್ಲು, ಜಠರದ ಪೆಪ್ಸಿನ್, ಕರುಳಿನ ಗೋಡೆಯ ಕಿಣ್ವಗಳು ಒಂದಿಷ್ಟು ಕೈಹಿಡಿಯುತ್ತವೆ. ಲೈಪೇಸಿಗೆ ಅಂಥ ಗಟ್ಟಿ ಆಸರೆಯಿಲ್ಲ. ಗ್ರಂಥಿಯ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಕುಸಿಯುವವರೆಗೆ ಮಲದಲ್ಲಿ ಜಿಡ್ಡು ಕಾಣಿಸಿಕೊಳ್ಳುವುದಿಲ್ಲವೆಂಬುದು 1970ರ ದಶಕದಿಂದ ವೈದ್ಯಶಾಸ್ತ್ರಕ್ಕೆ ಗೊತ್ತಿದೆ. ಅಂದರೆ ರೋಗಿ ನಮ್ಮ ಕಿಟಕಿಗೆ ಬಂದು ನಿಲ್ಲುವ ಹೊತ್ತಿಗೆ ಒಂಬತ್ತು ಪಾಲು ಹೋಗಿರುತ್ತದೆ.

ಹೋದದ್ದನ್ನು ಹೊರಗಿನಿಂದ ತುಂಬಿಕೊಡುವುದೊಂದೇ ದಾರಿ. ನಾನು ಎರಡು ವರ್ಷ ಕೊಟ್ಟ ಟಾನಿಕ್ ಅದನ್ನು ಮಾಡುತ್ತಿರಲಿಲ್ಲ. ಪೇಟೆಯಲ್ಲಿ ಜೀರ್ಣಕ್ಕೆಂದು ಮಾರುವ ಹೆಚ್ಚಿನ ಸಿರಪ್ಪುಗಳಲ್ಲಿ ಇರುವುದು ಶಿಲೀಂಧ್ರದಿಂದ ತೆಗೆದ ಡಯಾಸ್ಟೇಸ್ ಮತ್ತು ಪೆಪ್ಸಿನ್. ಕೆಲವು ಗುಳಿಗೆಗಳಲ್ಲಿ ಪಪಾಯಿಯ ಪಪೇನ್. ಡಯಾಸ್ಟೇಸ್ ಪಿಷ್ಟಕ್ಕೆ, ಪೆಪ್ಸಿನ್ ಪಪೇನ್‌ಗಳು ಸಸಾರಜನಕಕ್ಕೆ. ಲೈಪೇಸ್ ಎಲ್ಲಿದೆ? ಮದುವೆಯೂಟ ಉಂಡು ಹೊಟ್ಟೆ ಭಾರವಾದವನಿಗೆ ಆ ಸಿರಪ್ಪು ಸಮಾಧಾನ ಕೊಡಬಹುದು. ಗ್ರಂಥಿ ಸುಣ್ಣಗಟ್ಟಿದವನಿಗೆ ಅದನ್ನು ಕೊಡುವುದು ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಬದಲು ಹಾಗಲಕಾಯಿ ರಸದ ಬಾಟಲಿ ಕೊಟ್ಟ ಹಾಗೆ. ಆ ಸಿರಪ್ಪಿನ ಮೇಲೂ ಪ್ಯಾಂಕ್ರಿಯಾಟಿನ್ ಮೇಲೂ ‘ಜೀರ್ಣಕಾರಿ ಕಿಣ್ವ’ ಎಂಬ ಒಂದೇ ಮಾತು ಅಚ್ಚಾಗಿರುವುದರಿಂದ ನಮ್ಮಂಥ ಕಿಟಕಿಯವರಿಗೂ ಚೀಟಿ ಬರೆಯುವವರಿಗೂ ಗೊಂದಲವಾಗಿದೆ. ಇಲಾಖೆ ಒಂದು ಸಾಲಿನ ಸುತ್ತೋಲೆಯಲ್ಲಿ ಇದನ್ನು ಬಿಡಿಸಿದರೂ ದೊಡ್ಡ ಉಪಕಾರ.

ಗೌಂಡಿಯವರಿಗೆ ಕೊನೆಗೆ ಪ್ಯಾಂಕ್ರಿಯಾಟಿನ್ ಬರೆದುಕೊಡಲಾಯಿತು. ಅಷ್ಟರಲ್ಲಿ ಆ ವೈದ್ಯೆಗೆ ವರ್ಗಾವಣೆಯಾಗಿತ್ತು, ಬರೆದವರು ಬೇರೆಯವರು. ಚೀಟಿಯಲ್ಲಿ 10,000 ಯೂನಿಟ್ಟಿನ ಕ್ಯಾಪ್ಸೂಲ್, ಅದರ ಮುಂದೆ 1–0–1, ಅದರ ಕೆಳಗೆ ನಮ್ಮ ನಾಡಿನ ಪ್ರತಿ ಚೀಟಿಯಲ್ಲೂ ಇರುವ ‘ಊಟದ ನಂತರ’. ಹೊರಗಿನ ಅಂಗಡಿಯಿಂದ ಕೊಂಡು ತಂದು ನನಗೆ ತೋರಿಸಿದರು. ನಾನೂ ಪಾಕೀಟಿನ ಮೇಲೆ ಅದನ್ನೇ ಬರೆದೆ. ಆರು ವಾರ ಬಿಟ್ಟು ಬಂದು, ‘ಗುಳಿಗಿ ಹತ್ತಲಿಲ್ಲರೀ’ ಎಂದರು. ಹತ್ತಲಿಲ್ಲವಾದ್ದರಿಂದ ನಿಲ್ಲಿಸಿದ್ದೇನೆ, ಸುಮ್ಮನೆ ರೊಕ್ಕ ಹಾಳು ಎಂದೂ ಹೇಳಿದರು. ಆ ರಾತ್ರಿ ನಾನು ಮೊದಲ ಸಲ ಕ್ಯಾಪ್ಸೂಲಿನ ಡಬ್ಬಿಯೊಳಗಿನ ಸಣ್ಣ ಅಕ್ಷರದ ಕಾಗದವನ್ನು ಬಿಡಿಸಿ ಪೂರ್ತಿ ಓದಿದೆ. ಇಪ್ಪತ್ತು ವರ್ಷದ ಅನುಭವಿ ಫಾರ್ಮಸಿಸ್ಟ್ ಅಷ್ಟು ತಡವಾಗಿ ಓದಿದನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಮ್ಮ ಚೀಟಿ ಬರೆಯುವ ಪದ್ಧತಿಯೇ ಈ ಔಷಧಕ್ಕೆ ಒಗ್ಗುವುದಿಲ್ಲ. 1–0–1 ಎಂಬುದು ಗಡಿಯಾರದ ಲೆಕ್ಕ. ರಕ್ತದೊತ್ತಡದ ಗುಳಿಗೆಗೆ, ಜ್ವರದ ಗುಳಿಗೆಗೆ ಅದು ಸರಿ. ಅವು ರಕ್ತಕ್ಕೆ ಸೇರಿ ಇಂತಿಷ್ಟು ಗಂಟೆ ಅಲ್ಲಿರುತ್ತವೆ. ಪ್ಯಾಂಕ್ರಿಯಾಟಿನ್ ರಕ್ತಕ್ಕೆ ಸೇರುವ ಔಷಧವಲ್ಲ. ಅದು ಕರುಳಿನೊಳಗೆ ಅನ್ನದ ಜೊತೆ ಬೆರೆತು, ಅನ್ನವನ್ನು ಒಡೆದು, ಅಲ್ಲೇ ಮುಗಿದುಹೋಗುತ್ತದೆ. ಅದಕ್ಕೆ ಮುಂಜಾನೆ ಸಂಜೆ ಗೊತ್ತಿಲ್ಲ, ತುತ್ತು ಮಾತ್ರ ಗೊತ್ತು. ಮೊದಲ ತುತ್ತಿನ ಜೊತೆ ನುಂಗಬೇಕು. ಎರಡು ಮೂರು ಕ್ಯಾಪ್ಸೂಲ್ ಇದ್ದರೆ ಅರ್ಧವನ್ನು ಆರಂಭದಲ್ಲಿ, ಉಳಿದದ್ದನ್ನು ಊಟದ ನಡುವೆ. ಉಂಡು ಕೈತೊಳೆದು, ಎಲೆಯಡಿಕೆ ಹಾಕಿಕೊಂಡು, ಆಮೇಲೆ ನೆನಪಾಗಿ ನುಂಗಿದರೆ ಊಟ ಮುಂದೆ, ಕಿಣ್ವ ಹಿಂದೆ. ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬಂದ ಹಾಗೆ. ಬರಿಹೊಟ್ಟೆಯಲ್ಲಿ ಮಲಗುವ ಮುನ್ನ ನುಂಗಿದರೆ ಅದರಿಂದ ಏನೂ ಇಲ್ಲ.

ಪ್ರಮಾಣದ ಮಾತು ಇನ್ನೂ ಮುಖ್ಯ. ದೊಡ್ಡವರಿಗೆ ಮುಖ್ಯ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್, ನಡುವಿನ ತಿಂಡಿಗೆ ಅದರರ್ಧ, ಇದು ಆರಂಭದ ಪ್ರಮಾಣ, ಸಾಲದಿದ್ದರೆ ಹೆಚ್ಚಿಸಬೇಕು. 25,000ದ ಕ್ಯಾಪ್ಸೂಲಿನಲ್ಲಿ ಲೆಕ್ಕ ಹಾಕಿದರೆ ಮೂರು ಊಟಕ್ಕೆ ಎರಡೆರಡು, ಎರಡು ತಿಂಡಿಗೆ ಒಂದೊಂದು, ದಿನಕ್ಕೆ ಎಂಟು, ತಿಂಗಳಿಗೆ 240. ಗೌಂಡಿಯವರು ತೆಗೆದುಕೊಂಡದ್ದು ದಿನಕ್ಕೆ ಒಟ್ಟು 20,000. ಬೇಕಾಗಿದ್ದ 2,00,000ದ ಹತ್ತನೆಯ ಒಂದು ಪಾಲು, ಅದೂ ಊಟ ಮುಗಿದ ಮೇಲೆ. ಔಷಧ ಹತ್ತಲಿಲ್ಲವೆಂದು ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಔಷಧದಲ್ಲಿ ಸ್ವಲ್ಪ ಕೊಟ್ಟರೆ ಸ್ವಲ್ಪ ಗುಣ ಎಂಬ ಲೆಕ್ಕ ನಡೆಯುವುದಿಲ್ಲ. ಅರೆಪ್ರಮಾಣ ರೋಗಿಯ ರೊಕ್ಕವನ್ನೂ ನಂಬಿಕೆಯನ್ನೂ ಒಟ್ಟಿಗೆ ಕಳೆಯುತ್ತದೆ. ಆಸ್ಪತ್ರೆಗೆ ವರ್ಷಕ್ಕೆ ಐನೂರು ಕ್ಯಾಪ್ಸೂಲ್ ಕಳಿಸಿ ‘ಸರಬರಾಜು ಇದೆ’ ಎಂದು ವರದಿಯಲ್ಲಿ ಬರೆದರೆ, ಅದು ಒಬ್ಬ ರೋಗಿಗೆ ಎರಡು ತಿಂಗಳು ಮಾತ್ರ ಸಾಲುತ್ತದೆ ಎಂಬುದನ್ನು ಬರೆಯುವವರು ಗಮನಿಸಬೇಕು.

ಕ್ಯಾಪ್ಸೂಲನ್ನು ಅಗಿಯಬಾರದು, ಅರೆಯಬಾರದು. ಒಳಗಿರುವ ಒಂದೆರಡು ಮಿಲಿಮೀಟರಿನ ಕಾಳುಗಳ ಮೇಲೆ ಜಠರದ ಆಮ್ಲಕ್ಕೆ ಕರಗದ ಲೇಪನವಿರುತ್ತದೆ. ಆಮ್ಲ ಸೋಕಿದರೆ ಲೈಪೇಸ್ ಮತ್ತೆ ಏಳದಂತೆ ಸಾಯುತ್ತದೆ. ಕಾಳುಗಳು ಸಣ್ಣವಾಗಿರುವುದರಿಂದಲೇ ಅನ್ನದ ಜೊತೆಗೇ ಕರುಳಿಗೆ ಇಳಿಯುತ್ತವೆ, ಅಲ್ಲಿ ಆಮ್ಲ ಕಡಿಮೆಯಾದಾಗ ಲೇಪನ ಬಿಚ್ಚಿಕೊಳ್ಳುತ್ತದೆ. ನುಂಗಲಾರದ ಮಕ್ಕಳಿಗೆ ಕ್ಯಾಪ್ಸೂಲ್ ಬಿಚ್ಚಿ ಕಾಳುಗಳನ್ನು ತಣ್ಣಗಿನ ಹುಳಿಮೊಸರಿನ ಒಂದು ಚಮಚದಲ್ಲಿ ಕಲಸಿ ತಕ್ಷಣ ನುಂಗಿಸಿ, ಬಾಯಲ್ಲಿ ಕಾಳು ಉಳಿಯದಂತೆ ನೀರು ಕುಡಿಸಬೇಕು. ಬಿಸಿ ಗಂಜಿಗೆ, ಹಾಲಿಗೆ ಹಾಕಬಾರದು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದ ಮಕ್ಕಳಿಗೆ ಈ ಔಷಧ ಜೀವದ ಆಧಾರ. ಅವರಲ್ಲಿ ಮಾತ್ರ ತೂಕದ ಪ್ರತಿ ಕಿಲೋಗೆ ದಿನಕ್ಕೆ 10,000 ಯೂನಿಟ್ ಮೀರಬಾರದೆಂಬ ಮಿತಿಯನ್ನು ಬಿಗಿಯಾಗಿ ಪಾಲಿಸಬೇಕು, ಏಕೆಂದರೆ ಅತಿಯಾದ ಪ್ರಮಾಣದಿಂದ ದೊಡ್ಡ ಕರುಳು ಗಾಯಗೊಂಡು ಕಿರಿದಾದ ಪ್ರಸಂಗಗಳು 1990ರ ದಶಕದಲ್ಲಿ ವರದಿಯಾಗಿವೆ.

ಪಥ್ಯದ ವಿಷಯಕ್ಕೆ ಬಂದರೆ, ನಮ್ಮ ಸೀಮೆಯಲ್ಲಿ ಹೊಟ್ಟೆಯ ರೋಗಿಗೆ ಮೊದಲು ಹೇಳುವುದು ‘ಎಣ್ಣೆ ಬಂದ್, ಗಂಜಿ ಕುಡಿ’ ಎಂದು. ಜೋಳದ ರೊಟ್ಟಿಯಲ್ಲಿ ಜಿಡ್ಡು ಬಹಳ ಕಡಿಮೆ. ನಮ್ಮ ಬಡವರ ತಾಟಿನಲ್ಲಿ ಜಿಡ್ಡು ಬರುವುದೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಎಣ್ಣೆಗಾಯಿಗಳಿಂದ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇದೆ. ಮೊದಲೇ ಸೊರಗಿದವನ ತಾಟಿನಿಂದ ಇದಿಷ್ಟನ್ನೂ ಕಿತ್ತುಕೊಂಡರೆ ಉಳಿಯುವುದು ಪಿಷ್ಟ ಮಾತ್ರ. ಈಗಿನ ವೈದ್ಯಕೀಯ ಮಾರ್ಗಸೂಚಿಗಳು ಇದನ್ನು ಒಪ್ಪುವುದಿಲ್ಲ. ಜಿಡ್ಡನ್ನು ಬಿಡಿಸಬೇಡಿ, ಜಿಡ್ಡಿಗೆ ತಕ್ಕ ಕಿಣ್ವ ಕೊಡಿ, ದೊಡ್ಡ ಎರಡು ಊಟದ ಬದಲು ಸಣ್ಣ ಸಣ್ಣ ಐದಾರು ಊಟ ಮಾಡಿಸಿ ಎನ್ನುತ್ತವೆ. ರೊಟ್ಟಿ, ಕಾಳುಪಲ್ಲೆ, ಒಂದು ಚಮಚ ಶೇಂಗಾ ಚಟ್ನಿಯ ಊಟಕ್ಕೆ ಎರಡು ಕ್ಯಾಪ್ಸೂಲ್. ಕಾರಹುಣ್ಣಿಮೆಗೋ ಮದುವೆಗೋ ತುಪ್ಪದಲ್ಲಿ ಮುಳುಗಿದ ಹೋಳಿಗೆ ಇದ್ದ ದಿನ ವೈದ್ಯರನ್ನು ಕೇಳಿ ಇನ್ನೊಂದು. ಬರೀ ಕಪ್ಪು ಚಹಾಕ್ಕೆ, ಹಣ್ಣಿನ ತುಂಡಿಗೆ ಬೇಡ. ಹೀಗೆ ನಮ್ಮ ತಾಟಿನ ಭಾಷೆಯಲ್ಲಿ ಹೇಳಿದರೆ ಓದುಬರಹ ಬಾರದ ಅಜ್ಜಿಯೂ ಲೆಕ್ಕ ಹಿಡಿಯುತ್ತಾಳೆ. ಅಮೀನಗಡದ ಕರದಂಟು ಎಷ್ಟು ಕ್ಯಾಪ್ಸೂಲು ಕೇಳುತ್ತದೆಂದು ಒಬ್ಬರು ನನ್ನನ್ನು ಕೇಳಿದ್ದುಂಟು. ಕೊಬ್ಬರಿ, ಗೋಡಂಬಿ, ತುಪ್ಪದ ಆ ತುಂಡನ್ನು ನಾನು ಪೂರ್ತಿ ಊಟವೆಂದೇ ಎಣಿಸಲು ಹೇಳಿದೆ.

ಇನ್ನು ಆಡಳಿತದ ದೃಷ್ಟಿಯಿಂದಲೂ ತಮ್ಮ ಗಮನ ಸೆಳೆಯಬೇಕಾದ ಒಂದು ಸಂಗತಿಯಿದೆ. ಗ್ರಂಥಿ ಸುಣ್ಣಗಟ್ಟಿದವರಲ್ಲಿ ಅನೇಕರಿಗೆ ಮುಂದೆ ಸಕ್ಕರೆ ಕಾಯಿಲೆಯೂ ಬರುತ್ತದೆ. ನಮ್ಮ ಅಸಾಂಕ್ರಾಮಿಕ ರೋಗಗಳ ಘಟಕದಲ್ಲಿ ಅವರ ಹೆಸರು ಸಾಮಾನ್ಯ ಸಕ್ಕರೆ ರೋಗಿಗಳ ಪಟ್ಟಿಯಲ್ಲಿ ಸೇರಿ, ಅವರಿಗೂ ಇನ್ಸುಲಿನ್ ಸಿಗುತ್ತದೆ. ಸಿಗಲೇಬೇಕು. ಆದರೆ ಇನ್ಸುಲಿನ್ ಚುಚ್ಚಿಕೊಂಡು ಉಂಡವನ ಊಟ ಅರಗದೆ ಹೊರಹೋದರೆ, ಇನ್ಸುಲಿನ್ನಿಗೆ ಎದುರಾಗಬೇಕಾದ ಸಕ್ಕರೆ ರಕ್ತಕ್ಕೆ ಬರುವುದೇ ಇಲ್ಲ; ಬೆವರು, ನಡುಕ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ಈ ರೋಗಿಗಳಲ್ಲಿ ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಕೂಡ ಅದೇ ಗ್ರಂಥಿಯೊಂದಿಗೆ ಕುಂದಿರುತ್ತದೆ, ಹಾಗಾಗಿ ಕುಸಿದ ಸಕ್ಕರೆ ತಾನಾಗಿ ಏಳುವುದೂ ಕಷ್ಟ. ಒಂದು ಕೈಯಿಂದ ಇನ್ಸುಲಿನ್ ಕೊಟ್ಟು ಇನ್ನೊಂದು ಕೈಯಿಂದ ಕಿಣ್ವ ಕೊಡದಿರುವುದು ಬಂಡಿಗೆ ಒಂದೇ ಎತ್ತು ಕಟ್ಟಿದಂತೆ. ಕಿಣ್ವ ಸರಿಯಾಗಿ ಆರಂಭಿಸಿದ ಮೊದಲ ವಾರಗಳಲ್ಲಿ ಊಟ ಅರಗತೊಡಗಿ ಸಕ್ಕರೆ ಏರಬಹುದು. ಆಗ ಇನ್ಸುಲಿನ್ ಪ್ರಮಾಣವನ್ನು ಮರುನೋಡಬೇಕು. ಎರಡೂ ಒಂದೇ ಕಿಟಕಿಯಲ್ಲಿ, ಒಂದೇ ಕಾರ್ಡಿನಲ್ಲಿ ಇದ್ದರೆ ಮಾತ್ರ ಇದು ನಡೆಯುವ ಮಾತು.

ಇಂಥ ರೋಗಿಗಳು ಎಷ್ಟು ಮಂದಿ ಇದ್ದಾರು ಎಂದು ತಮ್ಮ ಕಚೇರಿ ಕೇಳುವುದು ಸಹಜ. ಕೇಳದೆ ಇದ್ದರೆ ಒಬ್ಬರೂ ಸಿಗುವುದಿಲ್ಲ. ಪುಸ್ತಕದಲ್ಲಿ ಬರೆದಿರುವ ಪ್ರಶ್ನೆ ‘ಮಲ ನೀರಿನ ಮೇಲೆ ತೇಲುತ್ತದೆಯೇ’ ಎಂಬುದು. ಬಯಲಿಗೆ ಹೋಗುವವನು, ಗುಂಡಿ ಕಕ್ಕಸಿನಲ್ಲಿ ಕೂರುವವನು ಏನು ಹೇಳಿಯಾನು? ಅದರ ಬದಲು ‘ಒಂದು ತಂಬಿಗೆ ನೀರು ಹಾಕಿದರೂ ಹೋಗದೆ ಅಂಟಿಕೊಳ್ಳುತ್ತದೆಯೇ, ಎಣ್ಣೆಯ ಪಸೆ ಉಳಿಯುತ್ತದೆಯೇ, ವಾಸನೆಗೆ ಮನೆಯವರು ಗೊಣಗುತ್ತಾರೆಯೇ, ಹಸಿವಿದ್ದು ಉಂಡರೂ ತೂಕ ಇಳಿಯುತ್ತಿದೆಯೇ’ ಎಂದು ಕೇಳಿದರೆ ಉತ್ತರ ಬರುತ್ತದೆ. ಆಶಾ ಕಾರ್ಯಕರ್ತೆಯರ ಪ್ರಶ್ನಾವಳಿಯಲ್ಲಿ ಇದಕ್ಕೆ ಎರಡು ಸಾಲಿನ ಜಾಗ ಸಾಕು. ಮೇದೋಜೀರಕ ಗ್ರಂಥಿಯ ಇನ್ನೊಂದು ಕಿಣ್ವವಾದ ಎಲಾಸ್ಟೇಸನ್ನು ಮಲದಲ್ಲಿ ಅಳೆಯುವ ಪರೀಕ್ಷೆಯಿದೆ. ಒಂದು ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಅನುಮಾನ, 100ಕ್ಕಿಂತ ಕೆಳಗಿದ್ದರೆ ಕೊರತೆ ತೀವ್ರ. ಮಾದರಿಯನ್ನು ತಾಲ್ಲೂಕಿನಲ್ಲೇ ಪಡೆದು ಬೆಳಗಾವಿಯಂಥ ಕೇಂದ್ರಕ್ಕೆ ಕಳಿಸಿದರೆ, ಅದಕ್ಕೋಸ್ಕರ ರೋಗಿ ಸೋಲಾಪುರಕ್ಕೋ ಮಿರಜಕ್ಕೋ ಬಸ್ಸು ಹತ್ತುವುದು ತಪ್ಪುತ್ತದೆ. ಹೊರಗಿನಿಂದ ಕೊಡುವ ಕಿಣ್ವ ಈ ಪರೀಕ್ಷೆಯನ್ನು ಕೆಡಿಸುವುದಿಲ್ಲವಾದ್ದರಿಂದ ಔಷಧ ನಿಲ್ಲಿಸಬೇಕಿಲ್ಲ. ಎಕ್ಸ್‌ರೇಯಲ್ಲಿ ಹರಳು ಕಂಡು ಮಲದಲ್ಲಿ ಜಿಡ್ಡೂ ಇರುವವರಿಗೆ, ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನು ತೆಗೆದವರಿಗೆ ಪರೀಕ್ಷೆಯ ವರದಿಗಾಗಿ ಕಾಯಿಸುವುದೂ ಬೇಡ.

ಕಿಟಕಿಯ ಸಾಲಿನಲ್ಲಿ ನಿಂತವರು ಈ ರೋಗದ ಹೆಸರು ಕೇಳಿದರೆ ‘ಕುಡಿತಾನೇನು?’ ಎನ್ನುತ್ತಾರೆ. ಕುಡಿತ ಇದರ ದೊಡ್ಡ ಕಾರಣಗಳಲ್ಲಿ ಒಂದೆಂಬುದು ನಿಜ. ಬೀಡಿ ಸಿಗರೇಟು ರೋಗವನ್ನು ಇನ್ನಷ್ಟು ಬೇಗ ಮುಂದಕ್ಕೆ ಒಯ್ಯುತ್ತವೆಂಬುದನ್ನು ನಿಪ್ಪಾಣಿಯ ತಂಬಾಕು ಬೆಳೆಯುವ ಜಿಲ್ಲೆಯಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಆದರೆ ಒಂದು ಹನಿ ಕುಡಿಯದವರಲ್ಲಿ, ಇಪ್ಪತ್ತರ ಹರೆಯದವರಲ್ಲಿ ಗ್ರಂಥಿ ಸುಣ್ಣಗಟ್ಟುವ ಬಗೆಯೊಂದನ್ನು 1959ರಲ್ಲಿ ಇಂಡೋನೇಷ್ಯಾದಿಂದ ವರ್ಣಿಸಲಾಯಿತು. ಆಮೇಲೆ ಕೇರಳದಲ್ಲಿ ಅದರ ನೂರಾರು ರೋಗಿಗಳು ದಾಖಲಾದರು. ಮರಗೆಣಸು ತಿನ್ನುವುದೇ ಇದಕ್ಕೆ ಕಾರಣವೆಂಬ ಆರೋಪ ಸಾಬೀತಾಗಲಿಲ್ಲ. ಸ್ಪಿಂಕ್-1 ಎಂಬ ವಂಶವಾಹಿಯಲ್ಲಿನ ಬದಲಾವಣೆ ಅನೇಕರಲ್ಲಿ ಕಂಡುಬಂತು. ನಮ್ಮ ಗೌಂಡಿಯವರು ಕುಡಿದವರಲ್ಲ. ಮೂರು ವರ್ಷ ಹೊಟ್ಟೆನೋವು ಮುಚ್ಚಿಟ್ಟುಕೊಂಡದ್ದಕ್ಕೆ ಅವರು ಕೊಟ್ಟ ಕಾರಣವೂ ಅದೇ: ಕುಡುಕ ಎಂದಾರೆಂಬ ಅಂಜಿಕೆ.

ಇನ್ನೊಂದು ವಿಷಯವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಈ ಔಷಧವನ್ನು ತೆಗೆಯುವುದು ಹಂದಿಯ ಮೇದೋಜೀರಕ ಗ್ರಂಥಿಯಿಂದ. ಇನ್ಸುಲಿನ್ ಕೂಡ ಆರು ದಶಕ ಹಂದಿ, ದನಗಳ ಅದೇ ಗ್ರಂಥಿಯಿಂದ ಬರುತ್ತಿತ್ತು. 1982ರಲ್ಲಿ ಪ್ರಯೋಗಾಲಯದ ಮಾನವ ಇನ್ಸುಲಿನ್ನಿಗೆ ಅನುಮತಿ ಸಿಕ್ಕ ಮೇಲೆ ಆ ಕಾಲ ಮುಗಿಯುತ್ತ ಬಂತು. ಪ್ಯಾಂಕ್ರಿಯಾಟಿನ್ನಿಗೆ ಅಂಥ ಸಮರ್ಥ ಬದಲಿ ಇಂದಿಗೂ ಪೇಟೆಗೆ ಬಂದಿಲ್ಲ. ಲಿಂಗಾಯತರು, ಜೈನರು, ಮುಸಲ್ಮಾನರು ಒಂದೇ ಸಾಲಿನಲ್ಲಿ ನಿಲ್ಲುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ಮುಚ್ಚಿಟ್ಟು ಕೊಡುವುದು ಮೋಸ; ಮುಚ್ಚಿಟ್ಟದ್ದು ಒಂದು ದಿನ ತಿಳಿದಾಗ ರೋಗಿ ಔಷಧವನ್ನೂ ಬಿಡುತ್ತಾನೆ, ಆಸ್ಪತ್ರೆಯನ್ನೂ ಬಿಡುತ್ತಾನೆ. ನಾನು ಹೇಳಿಯೇ ಕೊಟ್ಟ ಒಬ್ಬ ತಾಯಿ ಕಣ್ಣೀರು ಹಾಕಿ ಎದ್ದುಹೋದರು. ಮರುವಾರ ತಮ್ಮ ಓಣಿಯ ಮೌಲಾನಾ ಅವರನ್ನು ಕೇಳಿಕೊಂಡು ಬಂದರು. ಬೇರೆ ದಾರಿಯಿಲ್ಲದೆ ಜೀವಕ್ಕಾಗಿ ತೆಗೆದುಕೊಳ್ಳುವುದರಲ್ಲಿ ದೋಷವಿಲ್ಲವೆಂದು ಅವರು ಹೇಳಿದ್ದರಂತೆ. ಒಬ್ಬ ಶರಣ ಮನೆತನದ ಹಿರಿಯರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅದು ಅವರ ಹಕ್ಕು. ನಾನು ಮತ್ತೆ ಒತ್ತಾಯಿಸಲಿಲ್ಲ. ಔಷಧದ ಮೂಲ ಯಾವುದು, ಬದಲಿ ಏಕೆ ಇಲ್ಲ, ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಅಚ್ಚುಮಾಡಿ ಪ್ರತಿ ಕಿಟಕಿಗೂ ಕಳಿಸಬೇಕೆಂದು ಕೋರುತ್ತೇನೆ.

ಖರೀದಿಯ ಮಾತಿಗೆ ಬರುತ್ತೇನೆ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಟೆಂಡರಿನಲ್ಲಿ ಈ ಔಷಧವನ್ನು ‘ಪ್ಯಾಂಕ್ರಿಯಾಟಿನ್ ಗುಳಿಗೆ, ಇಂತಿಷ್ಟು ಮಿಲಿಗ್ರಾಂ’ ಎಂದು ಬರೆಯಬಾರದು. ಮಿಲಿಗ್ರಾಂ ಪುಡಿಯ ತೂಕ ಹೇಳುತ್ತದೆಯೇ ಹೊರತು ಅದರ ಶಕ್ತಿ ಹೇಳುವುದಿಲ್ಲ. ಒಂದು ಕ್ಯಾಪ್ಸೂಲಿನಲ್ಲಿ ಲೈಪೇಸ್ ಎಷ್ಟು ಯೂನಿಟ್, ಕಾಳುಗಳಿಗೆ ಆಮ್ಲ ತಡೆಯುವ ಲೇಪನ ಇದೆಯೇ, ಅವಧಿ ಮುಗಿಯುವವರೆಗೆ ಆ ಶಕ್ತಿ ಉಳಿಯುವ ಖಾತರಿಯಿದೆಯೇ ಎಂಬುದನ್ನು ಕೇಳಬೇಕು. ಬೇರೆ ಬೇರೆ ತಯಾರಿಕೆಗಳ ಶಕ್ತಿ ಏಕರೂಪವಾಗಿಲ್ಲವೆಂಬ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಲ್ಲ ತಯಾರಕರಿಗೂ ಹೊಸದಾಗಿ ಅನುಮತಿ ಪಡೆಯಲು ಆದೇಶಿಸಿ, ಗಡುವನ್ನು ಆಮೇಲೆ 2010ರವರೆಗೆ ವಿಸ್ತರಿಸಿತ್ತು. ಅಗ್ಗದ ದರಕ್ಕೆ ಲೇಪನವಿಲ್ಲದ ಗುಳಿಗೆ ಬಂದರೆ ಅದು ಜಠರದಲ್ಲೇ ಸತ್ತು, ನಮ್ಮ ಹಳೆಯ ಟಾನಿಕ್ಕಿಗೆ ಹೊಸ ಡಬ್ಬಿ ತೊಡಿಸಿದಂತಾಗುತ್ತದೆ. 10,000 ಮತ್ತು 25,000 ಯೂನಿಟ್, ಈ ಎರಡು ಬಗೆ ಸಾಕು.

ಹಣದ ಮಾತು ಚಿಕ್ಕದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ದಾಖಲಾಗಿ ಪಡೆಯುವ ಚಿಕಿತ್ಸೆಯ ಸುತ್ತ ಕಟ್ಟಿದ್ದು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಜೀವಮಾನವಿಡೀ ಬೇಕಾಗುವ ತಿಂಗಳ 240 ಕ್ಯಾಪ್ಸೂಲ್ ರೋಗಿಯ ಕಿಸೆಯ ಮೇಲೆಯೇ ಬೀಳುತ್ತದೆ, ಮತ್ತು ಕೂಲಿಯ ಮನೆಯಲ್ಲಿ ಅದು ಕಿರಾಣಿಯ ಖರ್ಚಿಗೆ ಪೈಪೋಟಿ ಕೊಡುತ್ತದೆ. ಆದ್ದರಿಂದಲೇ ವೈದ್ಯರು ಕಡಿಮೆ ಬರೆಯುತ್ತಾರೆ, ರೋಗಿ ಅದರಲ್ಲೂ ಅರ್ಧ ನುಂಗುತ್ತಾನೆ. ಅಸಾಂಕ್ರಾಮಿಕ ರೋಗಗಳ ಘಟಕದಲ್ಲಿ ಇನ್ಸುಲಿನ್ ಪಕ್ಕದ ಕಪಾಟಿನಲ್ಲಿ ಇದಕ್ಕೂ ಜಾಗ ಮಾಡಿ. ಜನೌಷಧಿ ಕೇಂದ್ರಗಳಲ್ಲಿ ಎಂದೂ ಖಾಲಿಯಾಗದಂತೆ ನೋಡಿಕೊಳ್ಳಿ.

ಉಳಿದದ್ದು ಪಾಕೀಟು ಮತ್ತು ಬಿಸಿಲು. ಈ ಕ್ಯಾಪ್ಸೂಲನ್ನು ಮೂಲ ಡಬ್ಬಿಯಿಂದ ತೆಗೆದು ಕಾಗದದ ಪಾಕೀಟಿಗೆ ಹಾಕಕೂಡದು. ಅದಕ್ಕೆ ತೇವ ಆಗದು, 25 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇಡುವುದೂ ಆಗದು. ನಮ್ಮ ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ; ತಗಡಿನ ಮನೆಯೊಳಗಿನ ಮಾಡದ ಬಿಸಿಯನ್ನು ನಾನು ಹೇಳಬೇಕಿಲ್ಲ. ಕಿಣ್ವವೆಂಬುದು ಸಸಾರಜನಕ; ಬೆಂದರೆ ಮುಗಿಯಿತು. ಬೇಸಿಗೆಯಲ್ಲಿ ಔಷಧ ಹತ್ತಲಿಲ್ಲವೆಂದು ಬಂದವರನ್ನು ಎಲ್ಲಿಟ್ಟಿದ್ದಿರಿ ಎಂದು ಮೊದಲು ಕೇಳಬೇಕೆಂದು ಕೊನೆಯ ವರ್ಷಗಳಲ್ಲಿ ಕಲಿತೆ. ಒಬ್ಬ ಹೆಣ್ಣುಮಗಳು ಬಿಗಿಮುಚ್ಚಳದ ಡಬ್ಬಿಯನ್ನು ಸ್ಟೀಲ್ ಡಬರಿಯೊಳಗಿಟ್ಟು, ಅದನ್ನು ಒದ್ದೆ ಉಸುಕಿನ ಮೇಲಿನ ಮಣ್ಣಿನ ಗಡಿಗೆಯಲ್ಲಿ ಇಳಿಬಿಟ್ಟಿದ್ದರು. ತೇವ ತಾಗದೆ ತಂಪು ತಾಗುವ ಆ ಉಪಾಯವನ್ನು ನಾನು ಆಮೇಲೆ ಹತ್ತು ಜನಕ್ಕೆ ಹೇಳಿದ್ದೇನೆ.

ಡಬ್ಬಿಯ ಮೇಲೆ ಅಂಟಿಸಲು ಕನ್ನಡದ ಚೀಟಿಯೊಂದರ ಕರಡನ್ನು ಇಲ್ಲೇ ಬರೆದಿದ್ದೇನೆ. ವೈದ್ಯರಿಂದ ತಿದ್ದಿಸಿ ಅಚ್ಚು ಹಾಕಿಸಬಹುದು: ‘ಮೊದಲ ತುತ್ತಿನ ಜೊತೆ ನುಂಗಿರಿ. ಅಗಿಯಬೇಡಿ. ಪ್ರತಿ ಊಟಕ್ಕೆ ಇಷ್ಟು, ಪ್ರತಿ ತಿಂಡಿಗೆ ಇಷ್ಟು. ಉಣ್ಣದಿದ್ದರೆ ಬೇಡ. ಬಿಸಿಲಿಗೆ, ತೇವಕ್ಕೆ ಇಡಬೇಡಿ. ತಿಂಗಳಿಗೊಮ್ಮೆ ತೂಕ ನೋಡಿಸಿಕೊಳ್ಳಿ.’ ಮುಂದಿನ ಸರಬರಾಜನ್ನು ಮೂರು ತಿಂಗಳಿಗೊಮ್ಮೆ ಸಣ್ಣ ಪ್ರಮಾಣದಲ್ಲಿ ಕಳಿಸುವಂತೆ, ಬೇಸಿಗೆಯ ಪಾಲು ಫೆಬ್ರವರಿ ಮುಗಿಯುವುದರೊಳಗೆ ಜಿಲ್ಲಾ ಉಗ್ರಾಣದ ಹವಾನಿಯಂತ್ರಿತ ಕೋಣೆಯನ್ನು ಸೇರುವಂತೆ ಆದೇಶಿಸಬೇಕೆಂದು ವಿನಂತಿ. ಮಧ್ಯಾಹ್ನದ ಲಾರಿಯಲ್ಲಿ ಮೇ ತಿಂಗಳಲ್ಲಿ ಬಂದ ಡಬ್ಬಿಯನ್ನು ನಾನಾದರೆ ಸಹಿ ಹಾಕಿ ಇಳಿಸಿಕೊಳ್ಳುವುದಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಫಾರ್ಮಸಿಸ್ಟ್,
ವಿಜಯಪುರ ಜಿಲ್ಲೆ